ಬಸುರಿಯ ತಪಾಸಣೆಯೂ ತಾಯ್ನುಡಿಯೂ

(ಅಕ್ಕಲಕೋಟೆ ತಾಲೂಕಿನ ಗಡಿಗ್ರಾಮವೊಂದರಲ್ಲಿ ಕೂಡಿದ ಮಹಿಳಾ ಸಭೆಯಲ್ಲಿ ಗೃಹಿಣಿಯೊಬ್ಬರು ಮಾಡಿದ ಭಾಷಣ)



ನನಗಿಂತ ಮುಂಚೆ ಮಾತನಾಡಿದ ಹಿರಿಯರು 1956ರ ನವೆಂಬರ 1ರಂದು ನಮ್ಮ ಊರುಗಳು ಗೆರೆಯ ಈಚೆಗೆ ಉಳಿದುಹೋದ ಬಗೆಯನ್ನೂ, 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟೆಯ ವಿಷಯವಾಗಿ ಮಾಡಿದ ಶಿಫಾರಸನ್ನೂ ವಿವರಿಸಿರುವರು. ಅಂಥ ಮಾತು ಅವರ ಬಾಯಲ್ಲಿಯೇ ಚಂದ. ನಾನು ಮನೆವಾರ್ತೆಯ ಹೆಂಗಸು. ದವಾಖಾನೆಯಲ್ಲಿ ತೂಕದ ಯಂತ್ರದ ಮುಂದೆ, ಕೈಯಲ್ಲೊಂದು ಕಾರ್ಡು ಹಿಡಿದುಕೊಂಡು ಪಾಳಿ ಹಚ್ಚಿ ನಿಂತ ಬಸುರಿಯ ಮಾತನ್ನಷ್ಟೇ ನಾನು ಬಲ್ಲೆನು, ಅದನ್ನೇ ಹೇಳುವೆನು. ಇದು ಹೆಂಗಸರ ಮಾತೆಂದು ಗಂಡಸರು ಎದ್ದುಹೋಗಬಾರದು. ಅವರೂ ಕುಳಿತು ಕೇಳಬೇಕೆಂದು ನನ್ನ ಅರಿಕೆ. ಯಾಕೆಂದರೆ ನಮ್ಮ ಮನೆಗಳಲ್ಲಿ ಮರಾಠಿ ಬಲ್ಲವರು ಹೆಚ್ಚಾಗಿ ಅವರೇ, ಮತ್ತು ತಪಾಸಣೆಯ ದಿನ ಮನೆಯಲ್ಲಿ ಇಲ್ಲದವರೂ ಅವರೇ.

ನನ್ನ ತವರು ಭೀಮಾ ನದಿಯ ಆಚೆ, ವಿಜಯಪುರ ಜಿಲ್ಹೆಯ ಇಂಡಿ ತಾಲೂಕಿನಲ್ಲಿ. ಬಿ.ಎ. ವರೆಗೆ ಕನ್ನಡದಲ್ಲಿಯೇ ಓದಿದವಳು. 2013ರಲ್ಲಿ ಲಗ್ನವಾಗಿ ಈ ಕಡೆಗೆ ಬಂದಾಗ ಮರಾಠಿಯ ಹತ್ತು ಶಬ್ದಗಳೂ ನನಗೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಹಿಂದಿ ಕಲಿತಿದ್ದರಿಂದ ಬಾಳಬೋಧ ಅಕ್ಷರಗಳನ್ನು ಕೂಡಿಸಿ ಓದಬಲ್ಲೆನು, ಅರ್ಥ ಮಾತ್ರ ಆಗದು. ಗಿಣಿಯ ಓದು ಎನ್ನಿರಿ. ನಮ್ಮ ಅತ್ತೆಯವರಿಗೆ ಸಂತೆಯಲ್ಲಿ ಕಾಯಿಪಲ್ಲೆ ಮಾರುವಷ್ಟು ಮರಾಠಿ ಬರುವದು, ಅಕ್ಷರ ಬಾರದು. ಯಜಮಾನರು ಆ ದಿನಗಳಲ್ಲಿ ಪುಣೆಯಲ್ಲಿ ಕೆಲಸಕ್ಕಿದ್ದರು. ಇದು ನನ್ನೊಬ್ಬಳ ಕತೆಯಲ್ಲ. ಭೀಮೆಯ ಆ ದಂಡೆಯಿಂದ ಈ ದಂಡೆಗೆ ಹೆಣ್ಣು ತರುವದು, ಈ ದಂಡೆಯಿಂದ ಆ ದಂಡೆಗೆ ಕೊಡುವದು ಹಿಂದಿನಿಂದಲೂ ನಡೆದುಬಂದಿದೆ. ರಾಜ್ಯದ ಗೆರೆ ಎಳೆದವರು ಬೀಗರನ್ನು ಕೇಳಿ ಎಳೆಯಲಿಲ್ಲ.

2015ರಲ್ಲಿ ಮೊದಲನೆಯ ಸಲ ಬಸುರಿಯಾದೆನು. ಮೂರು ತಿಂಗಳು ತುಂಬುವ ತನಕ ಯಾರ ಮುಂದೂ ಬಾಯಿ ಬಿಡಬಾರದೆಂದು ಅತ್ತೆಯವರ ಕಟ್ಟು. ಹೀಗಾಗಿ ದವಾಖಾನೆಯ ಮೆಟ್ಟಿಲು ಹತ್ತಿದ್ದು ನಾಲ್ಕನೆಯ ತಿಂಗಳಿನಲ್ಲಿ. ಅಂದು ಅಲ್ಲಿ ಅರವತ್ತು ಜನ ಹೆಂಗಸರಿದ್ದರೇನೋ. ಬಹಳ ಹೊತ್ತಿನ ಮೇಲೆ ನನ್ನ ಹೆಸರು ಕರೆದರು. ನರ್ಸಬಾಯಿ ಬರೆಯುತ್ತಲೇ, ಮುಖ ಎತ್ತದೆ ಕೇಳಿದಳು: "ಶೇವಟಚೀ ಪಾಳೀ ಕಧೀ ಆಲೀ?" ನನ್ನ ಕಿವಿಗೆ ಬಿದ್ದದ್ದು 'ಪಾಳಿ' ಎಂಬ ಒಂದೇ ಶಬ್ದ. ಬೆಳಗಿನಿಂದ ಪಾಳಿ ಹಚ್ಚಿ ನಿಂತವಳಿಗೆ ಬೇರೆ ಏನು ಹೊಳೆದೀತು? "ಈಗ ಬಂತ್ರಿ" ಎಂದೆನು. ಸುತ್ತಲಿನವರು ಗೊಳ್ಳೆಂದು ನಕ್ಕರು. ಆಕೆ ಕೇಳಿದ್ದು ಕೊನೆಯ ಮುಟ್ಟು ಯಾವಾಗ ಆಯಿತೆಂದು! ಮರಾಠಿಯಲ್ಲಿ ಪಾಳಿ ಎಂದರೆ ಸರದಿಯೂ ಹೌದು, ಮುಟ್ಟೂ ಹೌದು. ನಾಚಿಕೆಯಿಂದ ನನಗೆ ಮುಂದೆ ಮಾತೇ ಹೊರಡಲಿಲ್ಲ. ಅವಳಾದರೂ ಎಷ್ಟು ಹೊತ್ತು ಕಾದಾಳು? ಹೊಟ್ಟೆಯನ್ನು ಮುಟ್ಟಿ ನೋಡಿ, ಅಂದಾಜಿನಿಂದ ಒಂದು ತಾರೀಖು ಬರೆದಳು. ಆ ಅಂದಾಜು ಒಂದು ತಿಂಗಳಷ್ಟು ತಪ್ಪಾಗಿತ್ತೆಂಬುದು ಮುಂದೆ ಗೊತ್ತಾಯಿತು.

ಅಂದೇ ರಕ್ತ ಪರೀಕ್ಷಿಸಿದರು. ಕಾರ್ಡಿನಲ್ಲಿ 8.4 ಎಂದು ಬರೆದರು. ಬಸುರಿಯಲ್ಲಿ ಈ ಹಿಮೋಗ್ಲೋಬಿನ್ ಎಂಬ ರಕ್ತಬಲ 11 ಆದರೂ ಇರಬೇಕು. ಕಬ್ಬಿಣದ ಸತ್ವದ ಗುಳಿಗೆಗಳನ್ನು ಕೊಟ್ಟು ಏನೇನೋ ಹೇಳಿದರು. ನಾನು ಗೋಣು ಹಾಕಿದೆನು. ಮನೆಗೆ ಬಂದು ಆ ಗುಳಿಗೆಗಳನ್ನು ಮುಂಜಾನೆಯ ಚಹದೊಡನೆ ನುಂಗಿದೆನು. ಮೂರನೆಯ ದಿನ ಮಲ ಕಪ್ಪಾಯಿತು. ಎದೆ ಧಸಕ್ಕೆಂದಿತು. ಅತ್ತೆಯವರು "ಇದು ಉಷ್ಣದ ಔಷಧ, ಕೂಸಿಗೆ ಒಳ್ಳೇದಲ್ಲ" ಎಂದರು. ಗುಳಿಗೆಗಳು ಗೂಡಿನಲ್ಲಿ ಉಳಿದವು. ಆ ಗುಳಿಗೆಯಿಂದ ಮಲ ಕಪ್ಪಾಗುವದು ಸಹಜವೆಂದೂ, ಹೆದರಬಾರದೆಂದೂ, ಚಹದೊಡನೆ ತೆಗೆದುಕೊಂಡರೆ ಸತ್ವ ಮೈಗೆ ಹತ್ತದೆಂದೂ ನಾನು ಕೇಳಿದ್ದು ಎಷ್ಟೋ ದಿನಗಳ ಮೇಲೆ. ಬಹುಶಃ ನರ್ಸಬಾಯಿ ಆ ದಿನವೇ ಅದೆಲ್ಲವನ್ನೂ ಹೇಳಿದ್ದಿರಬಹುದು. ಮುಂದಿನ ಸಲ "ಗೋಳ್ಯಾ ಘೇತೇಸ ಕಾ?" ಎಂದು ಕೇಳಿದಾಗ, ಗುಳಿಗೆಯ ಮಾತೆಂದು ತಿಳಿದು ಮತ್ತೆ ಗೋಣು ಹಾಕಿದೆನು. ಅಕ್ಕತಂಗಿಯರೇ, ಈ ಗೋಣು ಹಾಕುವದೊಂದನ್ನು ನೀವು ಲಕ್ಷ್ಯದಲ್ಲಿಡಬೇಕು. ನಮಗೆ ಅರ್ಥವಾಗದಿದ್ದಾಗ ನಾವು ಬೆನ್ನಿಗೆ ಬಿದ್ದು ಕೇಳುವದಿಲ್ಲ. ದೊಡ್ಡವರ ಮುಂದೆ ಇಲ್ಲವೆನ್ನಬಾರದೆಂದು ಗೋಣು ಹಾಕಿ ಬರುವೆವು. ಕಾಗದದ ಮೇಲೆ ಆ ಗೋಣು 'ಹೌದು' ಎಂದು ದಾಖಲಾಗುವದು.

ಇನ್ನು ಮುಖ್ಯ ಸಂಗತಿಗೆ ಬರುವೆನು. ಕುಬಸದ ಕಾರ್ಯ ಮುಗಿದಿತ್ತು, ಕೈತುಂಬ ಹಸಿರು ಬಳೆ, ನಾಗರ ಪಂಚಮಿ ಹತ್ತಿರ ಬಂದಿತ್ತು. ಪಂಚಮಿಗೆ ಅಣ್ಣ ಕರೆಯಲು ಬರುವನೆಂಬ ಸಂಭ್ರಮ. ಹೋಗುವ ಮುಂಚೆ ಒಮ್ಮೆ ತಪಾಸಣೆಗೆ ಹೋದೆನು. ತೂಕ ಒಂದೇ ತಿಂಗಳಲ್ಲಿ 4 ಕಿಲೋ ಏರಿತ್ತು. ಅತ್ತೆಯವರು "ಕೂಸು ಬಲತದ" ಎಂದು ಹಿಗ್ಗಿದರು. ತಿಂಗಳಿಗೆ ಸುಮಾರು 2 ಕಿಲೋ ಏರಬೇಕಾದಲ್ಲಿ 4 ಏರಿದರೆ ಅದು ಬಲಿತದ್ದಲ್ಲ, ಮೈಯಲ್ಲಿ ನೀರು ತುಂಬಿದ್ದಿರಬಹುದು, ಎಂಬುದು ನಮಗಾರಿಗೂ ತಿಳಿಯದು. ನರ್ಸಬಾಯಿಗೆ ತಿಳಿದಿತ್ತು. ಆದರೆ ರಕ್ತದ ಒತ್ತಡ ಅಳೆಯುವ ಯಂತ್ರ ಅಂದು ಕೆಟ್ಟು ಕುಳಿತಿತ್ತು. ಆಕೆಯ ಕೈಯಲ್ಲಿ ಉಳಿದದ್ದು ಪ್ರಶ್ನೆಯೊಂದೇ. ಕೇಳಿದಳು: "ಪಾಯಾಲಾ ಸೂಜ ಆಹೇ ಕಾ?"

ಮರಾಠಿಯಲ್ಲಿ ಸೂಜ ಎಂದರೆ ಬಾವು. ಕಾಲಿಗೆ ಬಾವು ಬಂದಿದೆಯೇ ಎಂದು ಆಕೆಯ ಪ್ರಶ್ನೆ. ನಾನು ಕೇಳಿಸಿಕೊಂಡದ್ದು 'ಸೂಜಿ'! ಇಂದು ಸೂಜಿ ಹಾಕಿದರೇ ಎಂದು ಕೇಳುತ್ತಿರುವಳೆಂದು ತಿಳಿದು "ಇಲ್ರಿ, ಇಲ್ರಿ" ಎಂದು ತಲೆಯಲ್ಲಾಡಿಸಿದೆನು. ನನ್ನ ಕಾಲುಗಳು ಆಗ ಕಾಲುಂಗುರ ಬಿಗಿಯುವಷ್ಟು ಬಾತಿದ್ದವು. ಸೀರೆಯ ನಿರಿಗೆಯಡಿಯಲ್ಲಿ ಅವು ಆಕೆಗೆ ಕಾಣಿಸಲಿಲ್ಲ. "ಬಾಳ ಹಲತಂಯ ಕಾ?" ಎಂದು ಇನ್ನೊಂದು ಪ್ರಶ್ನೆ. ಮರಾಠಿಯಲ್ಲಿ ಬಾಳ ಎಂದರೆ ಕೂಸು. ಕೂಸು ಅಲುಗಾಡುತ್ತದೆಯೇ ಎಂದು ಅರ್ಥ. ನಾನು ಅದನ್ನು ನಮ್ಮ 'ಭಾಳ' ಎಂದು ತಿಳಿದು "ಭಾಳ ಏನಿಲ್ರಿ" ಎಂದೆನು. ಆಕೆ ಹುಬ್ಬು ಗಂಟಿಕ್ಕಿದಳು, ಕಾರ್ಡಿನಲ್ಲಿ ಗಡಿಬಿಡಿಯಿಂದ ಎರಡು ಸಾಲು ಬರೆದಳು, ಏನೋ ಒತ್ತಿ ಹೇಳಿದಳು. ನಾನು ಗೋಣು ಹಾಕಿದೆನು.

ಪಂಚಮಿಗೆ ತವರಿಗೆ ಹೋದೆನು. ಜೋಕಾಲಿ, ಅಳ್ಳು, ಉಂಡಿ. ಹಬ್ಬ ಕಳೆದು ಎರಡು ವಾರವಾಗಿರಬಹುದು, ತಲೆನೋವು ಹಿಡಿಯಿತು. ಒಂದು ದಿನ, ಎರಡು ದಿನ. ಅವ್ವ ಕೊಬ್ಬರಿ ಎಣ್ಣೆ ತಿಕ್ಕಿದಳು, ದೃಷ್ಟಿ ತೆಗೆದಳು. ಮೂರನೆಯ ದಿನ ಕಣ್ಣ ಮುಂದೆ ಮಂಜು ಕವಿದಂತಾಗಿ, ಒಲೆಯ ಮುಂದೆ ರೊಟ್ಟಿಯ ಅಂಚು ಕಾಣದಾಯಿತು. ಆ ಊರಿನ ಆರೋಗ್ಯ ಕಾರ್ಯಕರ್ತೆ ಮನೆಮನೆಗೆ ಬರುವಾಕೆ, ಅಂದು ದೈವವಶಾತ್ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತಳು. "ಏನ ತಂಗಿ, ಮುಖ ಯಾಕ ಬಾತೈತಿ? ತಲಿ ನೋಯ್ತೈತೇನು? ಕಣ್ಣಿಗೆ ಮಂಜ ಕವಿತೈತೇನು? ಎದಿಗುಂಡಿಗಿ ಕೆಳಗ ನೋವು ಐತೇನು?" ನಾಲ್ಕು ಪ್ರಶ್ನೆ. ನಾಲ್ಕಕ್ಕೂ ನಾನು ಹೌದೆಂದೆನು, ಈ ಸಲ ಅರ್ಥ ತಿಳಿದು ಹೌದೆಂದೆನು. ಆಕೆ ಚೀಲದಿಂದ ಯಂತ್ರ ತೆಗೆದು ರಟ್ಟೆಗೆ ಸುತ್ತಿದಳು. 160ಕ್ಕೆ 110. ಆಕೆ ಮತ್ತೆ ಮಾತಾಡಲಿಲ್ಲ; 108ಕ್ಕೆ ಫೋನು ಮಾಡಿದಳು.

ಜಿಲ್ಹಾ ಸ್ಥಳದ ದವಾಖಾನೆಯಲ್ಲಿ ಫಿಟ್ಸು ಬರದಂತೆ ತಡೆಯುವ ಮ್ಯಾಗ್ನೀಸಿಯಂ ಸೂಜಿ ಹಾಕಿದರು. ವೈದ್ಯರು ಕಾರ್ಡನ್ನು ಕೇಳಿದರು. ಅವರು ಅಂಕಿಗಳನ್ನು ಓದಿದರು, ಕೈಬರಹದ ಸಾಲುಗಳ ಮೇಲೆ ಬೆರಳಾಡಿಸಿ ಬಿಟ್ಟರು. "ಎಷ್ಟು ತಿಂಗಳು?" ಎಂದರು. ಕಾರ್ಡಿನ ಲೆಕ್ಕದಲ್ಲಿ ಒಂದು ಮಾತು, ಹೊಟ್ಟೆಯ ಅಳತೆಯಲ್ಲಿ ಇನ್ನೊಂದು ಮಾತು. ಕೂಸನ್ನು ಈಗಲೇ ಹೊರಗೆ ತರುವದೋ, ಇನ್ನೂ ಕೆಲವು ದಿನ ತಡೆಯಲು ಯತ್ನಿಸುವದೋ ಎಂಬ ನಿರ್ಣಯವೆಲ್ಲ ಆ ಲೆಕ್ಕದ ಮೇಲೆ ನಿಂತಿತ್ತು. ಅದರ ಪುಪ್ಪುಸ ಉಸಿರಾಟಕ್ಕೆ ಬಲಿತಿದೆಯೋ ಇಲ್ಲವೋ ಎಂಬುದು ವಾರಗಳ ಲೆಕ್ಕದ ಮಾತು. ಆಗ ನನಗೆ ನೆನಪಾಯಿತು: ಆ ವರ್ಷ ಸಂಕ್ರಮಣಕ್ಕೆ ಮನೆಯವರೆಲ್ಲ ಸೊಲ್ಲಾಪುರಕ್ಕೆ ಸಿದ್ಧರಾಮೇಶ್ವರನ ಜಾತ್ರೆಗೆ ಹೋದರು, ನಾನೊಬ್ಬಳೇ ಮನೆಯಲ್ಲಿ ಉಳಿದೆನು, ಯಾಕೆಂದರೆ ಅಂದೇ ಮುಂಜಾನೆ ಮುಟ್ಟಾಗಿದ್ದೆನು. ಅದೇ ಕೊನೆಯ ಮುಟ್ಟು. ವೈದ್ಯರು ಬೆರಳು ಎಣಿಸಿದರು: ಜನೇವರಿ 14, ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಅಕ್ಟೋಬರ 21. ಇಂದಿಗೆ 34 ವಾರ ತುಂಬಿವೆ. "ಹೆರಿಗೆ ಮಾಡಿಸೋಣ" ಎಂದರು. ಹೆಣ್ಣು ಕೂಸು, 1 ಕಿಲೋ 900 ಗ್ರಾಂ. ನವಜಾತ ಶಿಶುಗಳ ಕೋಣೆಯಲ್ಲಿ ಹದಿನಾರು ದಿನ ಇಟ್ಟಿದ್ದರು. ಗಣೇಶ ಚೌತಿ ಅಲ್ಲಿಯೇ ಆಯಿತು. ಈಗ ಅವಳು ಇದೇ ಊರಿನ ಕನ್ನಡ ಶಾಲೆಯಲ್ಲಿ ಓದುತ್ತಿರುವಳು; ಅದೋ, ಕಂಬದ ಹತ್ತಿರ ಕುಳಿತು ಆಕಳಿಸುತ್ತಿರುವವಳೇ ಅವಳು.

ಮೂರು ತಿಂಗಳ ಬಾಣಂತನ ಮುಗಿಸಿ ಗಂಡನ ಮನೆಗೆ ಬಂದ ಮೇಲೆ, ಮರಾಠಿ ಶಾಲೆಗೆ ಹೋಗುವ ಭಾವನವರ ಮಗನಿಗೆ ಆ ಕಾರ್ಡನ್ನು ತೋರಿಸಿದೆನು. ಅವನು ಅಕ್ಷರ ಅಕ್ಷರ ಬಿಡಿಸಿ ಓದಿದನು. ನರ್ಸಬಾಯಿ ಬರೆದದ್ದು ಇಷ್ಟೇ: ಎಂಟು ದಿನಗಳಲ್ಲಿ ಮತ್ತೆ ಬಂದು ರಕ್ತದೊತ್ತಡ ನೋಡಿಸಿಕೊಳ್ಳತಕ್ಕದ್ದು, ತಲೆನೋವು ಬಂದರೆ ಆ ಕ್ಷಣವೇ ಬರತಕ್ಕದ್ದು. ನನ್ನ ಜೀವ ಉಳಿಸುವ ಮಾತು ಮೂರು ವಾರ ನನ್ನ ಟ್ರಂಕಿನಲ್ಲಿ, ಪಂಚಮಿಯ ಸೀರೆಯ ಕೆಳಗೆ ಇದ್ದಿತು.

ಇದನ್ನು ಕೇಳಿ ಕೆಲವರು ಆ ನರ್ಸಬಾಯಿಯನ್ನು ಬೈದಾರು. ಬೈಯಬಾರದು. ಆಕೆ ದೂರದ ಜಿಲ್ಹೆಯಿಂದ ಬದಲಿಯಾಗಿ ಬಂದವಳು. ಒಬ್ಬಳೇ ಹಲವು ಊರುಗಳನ್ನು ನೋಡಿಕೊಳ್ಳುತ್ತಿದ್ದಳು. ಕನ್ನಡ ಬಾರದವಳನ್ನು ಕನ್ನಡದ ಊರಿಗೆ ಕಳಿಸಿ, ಒಂದು ಪುಟದ ಶಬ್ದಪಟ್ಟಿಯನ್ನೂ ಕೊಡದೆ ಕೂರಿಸಿದ ವ್ಯವಸ್ಥೆಯದು ದೋಷ. ಮರಾಠಿಯ ಮೇಲೆ ನನಗೆ ಸಿಟ್ಟಿಲ್ಲ. ಅದೂ ಒಬ್ಬ ತಾಯಿಯ ನುಡಿಯೇ. ಆದರೆ ನೋವನ್ನು ಹೇಳಿಕೊಳ್ಳುವಾಗ ಬಾಯಿಗೆ ಬರುವದು ತನ್ನ ತಾಯಿಯ ನುಡಿಯೇ ಹೊರತು ನೆರೆಯವಳದಲ್ಲ.

ತಪಾಸಣೆ ಎಂಬ ಶಬ್ದವೇನೋ ಎರಡೂ ಭಾಷೆಗಳಲ್ಲಿ ಒಂದೇ. ಅದರೊಳಗೆ ಏನಿದೆ ಎಂಬುದನ್ನು ನಾವು ತಿಳಿದಿರಬೇಕು. ಸರಕಾರದ ಕ್ರಮದಂತೆ ಹೆರಿಗೆಗೆ ಮುಂಚೆ ಕನಿಷ್ಠ ನಾಲ್ಕು ಸಲ ಹೋಗಬೇಕು. ಮೊದಲನೆಯದು 12 ವಾರಗಳೊಳಗೆ. ಮೂರು ತಿಂಗಳು ಗುಟ್ಟು ಇಡುವ ನಮ್ಮ ಪದ್ಧತಿಗೂ ಈ ಕ್ರಮಕ್ಕೂ ಹೊಂದಿಕೆಯಾಗದು. ಊರಿಗೆಲ್ಲ ಸಾರಬೇಡಿರಿ, ದವಾಖಾನೆಗೆ ಮಾತ್ರ ಹೇಳಿರಿ. ಅದಕ್ಕೆ ದೃಷ್ಟಿ ತಾಕದು. ವಿಶ್ವ ಆರೋಗ್ಯ ಸಂಸ್ಥೆಯು 2016ರಿಂದ ಎಂಟು ಭೇಟಿಗಳನ್ನು ಹೇಳುತ್ತಿದೆ. ಹೊಲದ ಕೆಲಸ ಬಿಟ್ಟು ಎಂಟು ಸಲ ಹೋಗುವದು ನಮಗೆ ಕಠಿಣ, ಅದನ್ನು ನಾನು ಬಲ್ಲೆನು. ನಾಲ್ಕನ್ನಾದರೂ ತಪ್ಪಿಸಬಾರದು, ಅದರಲ್ಲಿಯೂ ಏಳನೆಯ ತಿಂಗಳ ಮುಂದಿನವುಗಳನ್ನು.

ಪ್ರತಿಸಲವೂ ರಟ್ಟೆಗೆ ಪಟ್ಟಿ ಸುತ್ತಿ ಒತ್ತಡ ನೋಡಬೇಕು. 140ಕ್ಕೆ 90 ಎಂಬ ಗಡಿಯನ್ನು ಮನಸ್ಸಿನಲ್ಲಿಡಿರಿ. ಎರಡರಲ್ಲಿ ಯಾವುದೊಂದು ಅಂಕಿ ಅದನ್ನು ಮುಟ್ಟಿದರೂ ವೈದ್ಯರನ್ನು ಕಾಣಬೇಕು. ಯಂತ್ರ ಕೆಟ್ಟಿದೆ ಎಂದರೆ ಸುಮ್ಮನೆ ಎದ್ದು ಬರದೆ, ಎಲ್ಲಿ ನೋಡುವರೆಂದು ಕೇಳಿ ಅಲ್ಲಿಗೆ ಹೋಗಬೇಕು. ಸಂಜೆ ಕಾಲಿಗೆ ತುಸು ಬಾವು ಬರುವದು ಅನೇಕ ಬಸುರಿಯರಿಗೆ ಸಹಜ. ಮುಂಜಾನೆ ಎದ್ದಾಗಲೇ ಮುಖ ಕೈ ಬಾತಿದ್ದರೆ, ತಲೆನೋವಿದ್ದರೆ, ಕಣ್ಣು ಮಂಜಾದರೆ ಅದು ಸಹಜವಲ್ಲ. ಮೂತ್ರವನ್ನು ಕೇಳುವರು, ಮರಾಠಿಯಲ್ಲಿ 'ಲಘವೀ' ಎನ್ನುವರು. ನಮ್ಮಲ್ಲಿ ಎಷ್ಟೋ ಹೆಂಗಸರು ಬಾಟಲಿ ಕೈಗೆ ಕೊಟ್ಟಾಗ ಏನು ಮಾಡಬೇಕೆಂದು ತಿಳಿಯದೆ ಖಾಲಿ ಬಾಟಲಿಯನ್ನು ತಿರುಗಿ ಇಟ್ಟು ಬಂದದ್ದನ್ನು ನಾನು ಕಂಡಿದ್ದೇನೆ. ಅದರಲ್ಲಿ ಸಕ್ಕರೆ ಹೋಗುತ್ತಿದೆಯೇ, ಪ್ರೋಟೀನು ಹೋಗುತ್ತಿದೆಯೇ ಎಂದು ನೋಡುವರು. ಒತ್ತಡದ ಜೊತೆಗೆ ಪ್ರೋಟೀನು ಹೋಗತೊಡಗಿದರೆ ಅದೇ ನನಗೆ ಬಂದ ಬೇನೆ. ಗ್ಲೂಕೋಸಿನ ನೀರು ಕುಡಿಸಿ ಎರಡು ತಾಸು ಕೂರಿಸಿದರೆ ಬೇಸರಿಸಿ ಎದ್ದು ಬರಬಾರದು; ಸಕ್ಕರೆ ಬೇನೆಯನ್ನು ಹಿಡಿಯುವ ಪರೀಕ್ಷೆ ಅದು. ರಕ್ತದ ಗುಂಪನ್ನು ಒಮ್ಮೆ ಬರೆದರೆ ಸಾಕು, ಆದರೆ ಅದು ನೆಗೆಟಿವ್ ಎಂದಿದ್ದರೆ ಮನೆಯವರೆಲ್ಲರಿಗೂ ಬಾಯಿಪಾಠವಾಗಿರಬೇಕು. ಧನುರ್ವಾಯುವಿನ ಸೂಜಿ ಒಂದು ತಿಂಗಳ ಅಂತರದಿಂದ ಎರಡು. ಹಿಂದಿನ ಬಸಿರಿನಲ್ಲಿ ಹಾಕಿಸಿಕೊಂಡು ಮೂರು ವರ್ಷ ದಾಟದಿದ್ದರೆ ಒಂದು.

ಗುಳಿಗೆಯ ವಿಷಯ ಇನ್ನೊಮ್ಮೆ ಹೇಳಿದರೆ ತಪ್ಪಿಲ್ಲ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180, ಹೆರಿಗೆಯ ಮೇಲೆ ಮತ್ತೆ 180; ರಕ್ತ ಕಡಿಮೆಯಿದ್ದವರಿಗೆ ವೈದ್ಯರು ಹೆಚ್ಚು ಕೊಡುವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಬಸುರಿಯರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ, ನೂರಕ್ಕೆ 52ರಷ್ಟು, ರಕ್ತಹೀನರು. ನಮ್ಮ ಪುಂಡಿಪಲ್ಯ, ಮೆಂತೆಪಲ್ಯ, ಹೆಸರುಕಾಳು, ಶೇಂಗಾ ಒಳ್ಳೆಯವೇ. ಊಟದ ಮೇಲೆ ಲಿಂಬೆಹುಳಿ ಹಿಂಡಿದ ನೀರಿನೊಡನೆ ಗುಳಿಗೆ ತೆಗೆದುಕೊಳ್ಳಿರಿ. ಸುಣ್ಣದಂಶದ ಕ್ಯಾಲ್ಸಿಯಂ ಗುಳಿಗೆಯನ್ನು ಅದರ ಜೊತೆಗಲ್ಲ, ಬೇರೆ ಹೊತ್ತಿಗೆ. ಚಹವನ್ನು ಬಿಡಲಾಗದವರು ಎರಡು ತಾಸು ದೂರ ಇಡಿರಿ. ನನಗೂ ಬಿಡಲಾಗಿಲ್ಲ.

ಸೋನೋಗ್ರಾಫಿಯ ಕೋಣೆಯಲ್ಲಿ ಅತ್ತೆಯಂದಿರು ಕಣ್ಸನ್ನೆಯಲ್ಲಿ ಕೇಳುವ ಪ್ರಶ್ನೆಯೊಂದಿದೆ. ಗಂಡೋ ಹೆಣ್ಣೋ ಎಂದು ಕೇಳುವದೂ ಹೇಳುವದೂ 1994ರ ಕಾಯದೆಯಂತೆ ಅಪರಾಧ. ಆ ಯಂತ್ರ ಇರುವದು ಕೂಸಿನ ಬೆಳವಣಿಗೆ, ಮಾಸಿನ ಸ್ಥಾನ, ನೀರಿನ ಪ್ರಮಾಣ ನೋಡಲಿಕ್ಕೆ. ಇಷ್ಟು ಸಾಕು, ನನ್ನ ಮಗಳು ಇಲ್ಲಿಯೇ ಕುಳಿತಿರುವಳು.

2019ರಲ್ಲಿ ಎರಡನೆಯ ಸಲ ಬಸುರಿಯಾದಾಗ ನಾನು ಮೊದಲಿನವಳಾಗಿರಲಿಲ್ಲ. ಮುಟ್ಟಿನ ತಾರೀಖನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿದ್ದೆನು. ಎರಡನೆಯ ತಿಂಗಳಿಗೇ ಹೋಗಿ ಹೆಸರು ನೋಂದಿಸಿದೆನು. ನಮ್ಮೂರ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡೆನು. ಆಶಾ ಯೋಜನೆ 2005ರಲ್ಲಿ ಬಂದದ್ದು. ಆಶಾ ಆಗುವಾಕೆ ಅದೇ ಊರಿನ ನಿವಾಸಿಯಾಗಿರಬೇಕೆಂದು ಅದರ ನಿಯಮವಿದೆ. ಆದಕಾರಣ ಆಕೆ ನಮ್ಮ ನುಡಿಯವಳೇ, ಮರಾಠಿಯೂ ಬಲ್ಲವಳು. ಸರಕಾರ ತಾನರಿಯದೆ ನಮಗೆ ಕೊಟ್ಟ ದುಭಾಷಿ ಆಕೆ ಎನ್ನಬಹುದು! ಹಿಂದಿನ ಹೆರಿಗೆಯಲ್ಲಿ ಒತ್ತಡ ಏರಿದ್ದನ್ನು ಆಕೆಯ ಬಾಯಿಂದ ಮೊದಲ ಭೇಟಿಯಲ್ಲಿಯೇ ಹೇಳಿಸಿದೆನು. ಅದನ್ನು ಕೇಳಿದೊಡನೆ ವೈದ್ಯರು ಆಸ್ಪಿರಿನ್ನಿನ ಸಣ್ಣ ಪ್ರಮಾಣದ ಗುಳಿಗೆಯನ್ನು ದಿನಾಲು ತೆಗೆದುಕೊಳ್ಳಲು ಬರೆದುಕೊಟ್ಟರು, ತಿಂಗಳಿಗೊಮ್ಮೆ ಎಂದಿದ್ದ ಭೇಟಿಯನ್ನು ಹದಿನೈದು ದಿನಕ್ಕೊಮ್ಮೆ ಮಾಡಿದರು. ಒಂದು ವಾಕ್ಯ ತಿಳಿಯುವಂತೆ ಹೇಳಿದ್ದರಿಂದ ಆದ ವ್ಯತ್ಯಾಸ ಇದು. ಆ ಗುಳಿಗೆಯನ್ನು ಯಾರೂ ತಾವಾಗಿಯೇ ಅಂಗಡಿಯಿಂದ ತಂದು ನುಂಗಬಾರದು. ವೈದ್ಯರು ಹೇಳಿದರೆ ಮಾತ್ರ.

ಆಗ ಹೊಸ ನರ್ಸಬಾಯಿ ಬಂದಿದ್ದಳು. ಒಂದು ದಿನ ಜನ ಕರಗಿದ ಮೇಲೆ ಆಕೆಗೆ ಪಾಳಿ, ಸೂಜ, ಬಾಳ ಈ ಮೂರು ಶಬ್ದಗಳ ಕತೆ ಹೇಳಿದೆನು. ಆಕೆ ಮೊದಲು ನಕ್ಕಳು, ಆಮೇಲೆ ಸುಮ್ಮನಾದಳು. ತನಗೂ ಅಂಜಿಕೆಯಾಗುವದೆಂದಳು: ನೀವು ಹೆಂಗಸರು ಎಲ್ಲದಕ್ಕೂ ಹೌದೆನ್ನುವಿರಿ, ಯಾವ ಹೌದು ನಿಜವೆಂದು ನನಗೆ ತಿಳಿಯದು. ನಂತರ ತನ್ನ ಡೈರಿಯಲ್ಲಿ ಬಾಳಬೋಧ ಅಕ್ಷರಗಳಿಂದ ಬರೆದುಕೊಂಡಳು: ಮುಟ್ಟು, ಬಾವು, ತಲಿನೋವು, ಕೂಸು ಅಲಗ್ಯಾಡ್ತದೇನು, ನೀರು ಹೋಗ್ಯಾವೇನು, ರಕ್ತ ಕಂಡದೇನು. 'ಅಲಗ್ಯಾಡ್ತದೇನು' ಆಕೆಯ ನಾಲಿಗೆಗೆ ಕೊನೆಯವರೆಗೂ ಹೊರಳಲಿಲ್ಲ. ಆದರೂ ಆಕೆ ಅದನ್ನು ಕೇಳುವಾಗ ಕೋಣೆಯೊಳಗಿನ ಹೆಂಗಸರ ಮುಖವೇ ಬೇರೆಯಾಗುತ್ತಿತ್ತು. ನಕ್ಕು, ಕುರ್ಚಿ ಎಳೆದು, ಕೇಳದ ಸಂಗತಿಗಳನ್ನೂ ಹೇಳತೊಡಗುವರು.

ಇನ್ನು ಎರಡು ಕಾರ್ಡಿನ ಮಾತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಸಂಪ್ರದಾಯ. ಆದಕಾರಣ ಬಸುರಿ ಏಳು ತಿಂಗಳು ಒಂದು ರಾಜ್ಯದಲ್ಲಿ, ಎರಡು ತಿಂಗಳು ಇನ್ನೊಂದು ರಾಜ್ಯದಲ್ಲಿ. ಇಲ್ಲಿ ಮಾತಾ ಬಾಲ ಸಂರಕ್ಷಣ ಕಾರ್ಡು, ಅಲ್ಲಿ ತಾಯಿ ಕಾರ್ಡು. ಒಂದನ್ನು ಮಾಡಿಸಿದ ಮೇಲೆ ಇನ್ನೊಂದನ್ನು ಹರಿದೊಗೆಯುವವರನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿರಿ, ಎರಡನ್ನೂ ಒಂದೇ ಚೀಲದಲ್ಲಿ ಇಡಿರಿ. ಇಲ್ಲಿಂದ ಹೊರಡುವ ಮುಂಚಿನ ದಿನ ಕೈಬರಹದ ಸಾಲುಗಳನ್ನೆಲ್ಲ ಆಶಾಳಿಂದ ಓದಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆಸಿ ಕಾರ್ಡಿಗೆ ಹೊಲಿಯಿರಿ. ಎರಡೂ ಕಾರ್ಡುಗಳ ಕೋಷ್ಟಕಗಳು ಬಹುಮಟ್ಟಿಗೆ ಹೋಲುವವು. ತವರಿನಿಂದ ಯಾರಾದರೂ ಹಳೆಯ ತಾಯಿ ಕಾರ್ಡನ್ನು ತಂದರೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಮರಾಠಿ ಕಾರ್ಡನ್ನು ಓದಲು ಕಲಿಯಬಹುದು. ನಾನು ಕಲಿತದ್ದು ಹಾಗೆಯೇ.

ಸರಕಾರದಿಂದ ಕೇಳಬೇಕಾದದ್ದೂ ಉಂಟು. ಅದನ್ನು ಬೇಡಿಕೊಳ್ಳಬೇಕಾಗಿಲ್ಲ, ಕೇಳಬಹುದು. ಸಂವಿಧಾನದ 350ನೆಯ ಅನುಚ್ಛೇದದಂತೆ ಯಾವ ನಾಗರಿಕನೇ ಆಗಲಿ ತನ್ನ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಕೊಡಬಹುದು. ಕನ್ನಡದಲ್ಲಿ ಬರೆದ ಅರ್ಜಿಯನ್ನು ಇಲ್ಲಿಯ ಅಧಿಕಾರಿ ತೆಗೆದುಕೊಳ್ಳೆನೆನ್ನಲಾಗದು. 1956ರ ತಿದ್ದುಪಡಿಯಿಂದ ಬಂದ 350-ಬಿ ಅನುಚ್ಛೇದದಂತೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರೆಂಬ ಅಧಿಕಾರಿ ಇರುವರು. ಅಲ್ಪಸಂಖ್ಯಾತರಿಗೆ ಒಪ್ಪಿದ ರಕ್ಷಣೆಗಳಲ್ಲಿ, ಒಂದು ಪ್ರದೇಶದಲ್ಲಿ ನೂರಕ್ಕೆ 15ರಷ್ಟು ಜನ ಆಡುವ ಭಾಷೆಯಲ್ಲಿ ಮುಖ್ಯ ಸೂಚನೆಗಳನ್ನು ಪ್ರಕಟಿಸಬೇಕೆಂಬುದೂ ಒಂದು. ನಮ್ಮ ಊರುಗಳಲ್ಲಿ ಕನ್ನಡಿಗರು ನೂರಕ್ಕೆ 15 ಅಲ್ಲ. ಅದೆಷ್ಟೆಂಬುದನ್ನು ನೀವೇ ಬಲ್ಲಿರಿ. ಹಾಗಿದ್ದ ಮೇಲೆ ಬಸುರಿಯ ಅಪಾಯಚಿಹ್ನೆಗಳ ಫಲಕವು ದವಾಖಾನೆಯ ಗೋಡೆಯ ಮೇಲೆ ಕನ್ನಡದಲ್ಲಿಯೂ ಇರಬೇಕು, ಕಾರ್ಡು ಎರಡೂ ಭಾಷೆಗಳಲ್ಲಿ ಇರಬೇಕು, ತಪಾಸಣೆಯ ದಿನ ಕನ್ನಡ ಬಲ್ಲವರೊಬ್ಬರು ಅಲ್ಲಿ ಕೂರಬೇಕು. ರಾಜ್ಯದ ಗೆರೆ ಬದಲಾಗುವದೋ ಇಲ್ಲವೋ, ಅದು ಹಿರಿಯರ ಹೋರಾಟ. ಬಸುರಿಗೆ ಮಾತ್ರ ಒಂಬತ್ತು ತಿಂಗಳಿಗಿಂತ ಹೆಚ್ಚು ಕಾಯಲು ಬಾರದು.

ಈ ಮೂರು ಬೇಡಿಕೆಗಳ ಅರ್ಜಿಯನ್ನು ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ಅದೋ ಆ ಮೇಜಿನ ಹತ್ತಿರ ಸಹಿ ಮಾಡಿರಿ. ಹೆಬ್ಬೆಟ್ಟು ಒತ್ತುವವರಿಗೆ ಶಾಯಿಯ ಪೆಟ್ಟಿಗೆಯೂ ಇದೆ. ಪ್ರತಿ ತಿಂಗಳು 9ನೆಯ ತಾರೀಖಿಗೆ ಸರಕಾರಿ ದವಾಖಾನೆಗಳಲ್ಲಿ ಬಸುರಿಯರನ್ನು ವೈದ್ಯರೇ ಪುಕ್ಕಟೆಯಾಗಿ ನೋಡುವ ವ್ಯವಸ್ಥೆ 2016ರಿಂದ ಇದೆ. ಬರುವ 9ಕ್ಕೆ ನಮ್ಮ ಓಣಿಯಿಂದ ಐದು ಜನ ಹೋಗುವವರಿರುವರು. ನಾನೂ ಆಶಾ ಕಾರ್ಯಕರ್ತೆಯೂ ಮುಂಜಾನೆ ಎಂಟಕ್ಕೆ ಅಗಸಿಯ ಹತ್ತಿರ ನಿಂತಿರುವೆವು. ಕಾರ್ಡು ತರಬೇಕು, ರೊಟ್ಟಿ ಕಟ್ಟಿಕೊಂಡು ಬರಬೇಕು, ಕೊನೆಯ ಮುಟ್ಟು ಯಾವ ಹಬ್ಬದ ಹಿಂದೆ ಮುಂದೆ ಆಯಿತೆಂದು ಮನೆಯಲ್ಲಿಯೇ ನೆನಪು ಮಾಡಿಕೊಂಡು ಬರಬೇಕು. ತಾರೀಖನ್ನು ನಾನು ಲೆಕ್ಕ ಹಾಕಿಕೊಡುವೆನು.